ಉಚಿತ ತಂತ್ರಾಂಶದ ಬೆನ್ನಿಗೆ ಬರುವ ಕುತಂತ್ರಾಂಶ: ಇಳಿಸಿಕೊಳ್ಳುವ ಮೊದಲು, ಇಳಿಸಿಕೊಳ್ಳುವಾಗ, ಇಳಿಸಿಕೊಂಡ ಮೇಲೆ

ಶಾಲೆಗಳು ಆರಂಭವಾದ ಜೂನ್ ತಿಂಗಳ ಒಂದು ಸಂಜೆ, ನಮ್ಮ ಬೀದಿಯ ಪ್ರೌಢಶಾಲಾ ಮೇಷ್ಟ್ರೊಬ್ಬರು ತಮ್ಮ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು, “ಕನ್ನಡ ಟೈಪ್ ಮಾಡೋದಕ್ಕೆ ಅಂತ ಒಂದೇ ಒಂದು ಸಾಫ್ಟ್‌ವೇರ್ ಹಾಕಿದೆ ಸರ್, ಬೇರೆ ಏನೂ ಮುಟ್ಟಿಲ್ಲ. ಆವತ್ತಿನಿಂದ ಇದು ಸರಿಯಾಗಿಲ್ಲ” ಎಂದರು. ಬ್ರೌಸರ್ ತೆರೆದರೆ ಹಿಂದೆಂದೂ ಕಾಣದ ಒಂದು ಹುಡುಕುಪುಟ ಎದುರಾಗುತ್ತಿತ್ತು. ಪರದೆಯ ಬಲಮೂಲೆಯಲ್ಲಿ ಐದೈದು ನಿಮಿಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆಯೆಂದು ಹೆದರಿಸುವ ಪೆಟ್ಟಿಗೆಯೊಂದು ಮೇಲೇಳುತ್ತಿತ್ತು. ಅಳವಡಿಸಿದ ತಂತ್ರಾಂಶಗಳ ಪಟ್ಟಿಯನ್ನು ತೆರೆದು ದಿನಾಂಕದ ಕ್ರಮದಲ್ಲಿ ಜೋಡಿಸಿದಾಗ ವಿಷಯ ಬಯಲಾಯಿತು: ಮೇಷ್ಟ್ರು ಒಂದು ತಂತ್ರಾಂಶ ಹಾಕಿದೆನೆಂದು ತಿಳಿದಿದ್ದ ದಿನ ಅಲ್ಲಿ ಐದು ಹೆಸರುಗಳಿದ್ದವು. ಡ್ರೈವರ್ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಅಪ್‌ಡೇಟ್ ಮಾಡುವೆನೆನ್ನುವುದು ಒಂದು, ಕಂಪ್ಯೂಟರನ್ನು ಚುರುಕುಗೊಳಿಸುವೆನೆನ್ನುವುದು ಇನ್ನೊಂದು, ಬ್ರೌಸರಿಗೆ ಅಂಟಿಕೊಳ್ಳುವ ಹುಡುಕುಪಟ್ಟಿ, ಅಂದರೆ ಟೂಲ್‌ಬಾರ್, ಮತ್ತೊಂದು. ನಾಲ್ಕನೆಯದರ ಹೆಸರು ಯಾರಿಗೂ ಅರ್ಥವಾಗದ ಅಕ್ಷರಗಳ ಸಾಲು. ಐದನೆಯದು ಕನ್ನಡ ಟೈಪಿಂಗ್‌ನದು.

ಮೇಷ್ಟ್ರು ಅಜಾಗರೂಕರೇನಲ್ಲ. ಅವರಿಗೆ ಬೇಕಾಗಿದ್ದ ತಂತ್ರಾಂಶ ಉಚಿತವೇ ಆಗಿತ್ತು, ಅದನ್ನು ಮಾಡಿದವರೂ ಸಜ್ಜನರೇ. ತೊಂದರೆ ಬಂದದ್ದು ಅದನ್ನು ತಂದುಕೊಟ್ಟ ಜಾಲತಾಣದಿಂದ. ಆದ್ದರಿಂದ ಉಚಿತವಾದದ್ದೆಲ್ಲ ಅಪಾಯವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ತಂತ್ರಾಂಶವನ್ನು ತಯಾರಿಸಿದವರಿಗೂ ನನಗೂ ನಡುವೆ ನಿಂತಿರುವವರು ಯಾರು, ಅವರಿಗೆ ಇದರಿಂದ ಸಿಗುವುದೇನು? ಕೆಳಗೆ ಹೇಳುವ ಹೆಜ್ಜೆಗಳೆಲ್ಲ ಈ ಪ್ರಶ್ನೆಯನ್ನು ಬೇರೆ ಬೇರೆ ಹಂತದಲ್ಲಿ ಕೇಳುವ ವಿಧಾನಗಳು. ವಿಂಡೋಸ್ ಬಳಸುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ನಡುವೆ ನಿಂತವರ ವ್ಯವಹಾರ

ಉಚಿತ ತಂತ್ರಾಂಶವನ್ನು ಬೇರೆಯವರು ಏಕೆ ಹಂಚುತ್ತಾರೆ ಎಂಬುದನ್ನು ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಒಂದು ಟೂಲ್‌ಬಾರನ್ನೋ ಜಾಹೀರಾತು ತೋರಿಸುವ ತಂತ್ರಾಂಶವನ್ನೋ ಜನರ ಕಂಪ್ಯೂಟರಿಗೆ ಸೇರಿಸಬೇಕೆನ್ನುವ ಕಂಪನಿ, ಹಾಗೆ ಸೇರಿಸಿಕೊಟ್ಟವರಿಗೆ ಪ್ರತಿ ಅಳವಡಿಕೆಗೆ ಇಷ್ಟೆಂದು ಹಣ ಕೊಡುತ್ತದೆ. ಗೂಗಲ್ ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಈ ವ್ಯವಹಾರವನ್ನು ಅಧ್ಯಯನ ಮಾಡಿದಾಗ, ಒಂದು ಅಳವಡಿಕೆಗೆ 1.50 ಡಾಲರ್‌ವರೆಗೂ ಬೆಲೆ ಇದ್ದದ್ದು ಮತ್ತು ಇಂಥ ಜಾಲಗಳ ಮೂಲಕ ವಾರಕ್ಕೆ 6 ಕೋಟಿಗೂ ಹೆಚ್ಚು ಡೌನ್‌ಲೋಡ್ ಯತ್ನಗಳು ನಡೆಯುತ್ತಿದ್ದದ್ದು ಕಂಡುಬಂತು. ಅಂದರೆ ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಸೇರಿಕೊಂಡ ಆ ನಾಲ್ಕು ಹೆಸರುಗಳಿಗೆ ಯಾರೋ ನಾಲ್ಕು ಬಾರಿ ಹಣ ಎಣಿಸಿಕೊಂಡಿರಬೇಕು.

ಹೆಸರುವಾಸಿ ತಾಣಗಳೂ ಈ ದಾರಿ ಹಿಡಿದದ್ದುಂಟು. ಸಿನೆಟ್ ಸಂಸ್ಥೆಯ ಡೌನ್‌ಲೋಡ್ ಡಾಟ್ ಕಾಮ್ 2011ರಲ್ಲಿ ಇತರರ ತಂತ್ರಾಂಶಗಳನ್ನು ತನ್ನದೇ ಇನ್‌ಸ್ಟಾಲರ್‌ನೊಳಗೆ (ತಂತ್ರಾಂಶವನ್ನು ಅಳವಡಿಸುವ ಕಡತದೊಳಗೆ) ಸುತ್ತಿ, ಟೂಲ್‌ಬಾರ್‌ಗಳನ್ನು ಜೊತೆಗೆ ಕಟ್ಟಿ ಕೊಡಲಾರಂಭಿಸಿತು. ಎನ್‌ಮ್ಯಾಪ್ ತಂತ್ರಾಂಶದ ಕರ್ತೃ ಗಾರ್ಡನ್ ಲಯನ್ ಅದೇ ವರ್ಷದ ಡಿಸೆಂಬರಿನಲ್ಲಿ ಇದನ್ನು ಬಹಿರಂಗವಾಗಿ ಖಂಡಿಸಿದರು. ಮುಕ್ತ ತಂತ್ರಾಂಶಗಳ ತವರೆಂದೇ ಹೆಸರಾಗಿದ್ದ ಸೋರ್ಸ್‌ಫೋರ್ಜ್ 2013ರಲ್ಲಿ ಇಂಥದ್ದೇ ಯೋಜನೆಯನ್ನು ತಂದಾಗ, ಚಿತ್ರ ತಿದ್ದುವ ಗಿಂಪ್ ತಂತ್ರಾಂಶದ ತಂಡ ಆ ತಾಣವನ್ನೇ ಬಿಟ್ಟು ಹೊರಬಂತು. 2015ರಲ್ಲಿ ಗಿಂಪ್‌ನ ಹಳೆಯ ಪುಟದಲ್ಲೇ ಜೊತೆಗಂಟು ಹಾಕಿದ ಇನ್‌ಸ್ಟಾಲರ್ ಕಾಣಿಸಿಕೊಂಡು ದೊಡ್ಡ ಗದ್ದಲವಾಯಿತು. 2016ರಲ್ಲಿ ಮಾಲೀಕತ್ವ ಬದಲಾದ ಮೇಲೆ ಸೋರ್ಸ್‌ಫೋರ್ಜ್ ಆ ಯೋಜನೆಯನ್ನು ನಿಲ್ಲಿಸಿತು. ಇಂದಿನ ಸೋರ್ಸ್‌ಫೋರ್ಜನ್ನು ದೂರುವುದು ನನ್ನ ಉದ್ದೇಶವಲ್ಲ. ತಾಣ ಎಷ್ಟೇ ಹಳೆಯದಾಗಿರಲಿ, ಎಷ್ಟೇ ಹೆಸರು ಮಾಡಿರಲಿ, ಅದು ತಯಾರಕರದ್ದಲ್ಲವಾದರೆ ಅದರ ಹಿತವೂ ನಿಮ್ಮ ಹಿತವೂ ಒಂದೇ ಆಗಿರಬೇಕೆಂದೇನಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಆ ಕಾಲದ ಜೊತೆಗಂಟುಗಳು ಹೆಚ್ಚಾಗಿ ಕಿರಿಕಿರಿಯ ಮಟ್ಟದಲ್ಲಿದ್ದವು. ಈಗ ಅದೇ ದಾರಿಯಲ್ಲಿ ಬರುವವುಗಳಲ್ಲಿ ಮಾಹಿತಿ ಕದಿಯುವ ಕುತಂತ್ರಾಂಶಗಳು ಸಾಕಷ್ಟಿವೆ. ಇವು ಪರದೆಯ ಮೇಲೆ ಏನನ್ನೂ ತೋರಿಸುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, ನೀವು ಈಗಾಗಲೇ ಲಾಗಿನ್ ಆಗಿದ್ದೀರೆಂದು ಜಾಲತಾಣಕ್ಕೆ ತಿಳಿಸುವ ಕುಕೀಗಳನ್ನೂ ಬಾಚಿಕೊಂಡು ಕೆಲವೇ ನಿಮಿಷಗಳಲ್ಲಿ ಹೊರಗೆ ಕಳಿಸುತ್ತವೆ. ಕುಕೀ ಕೈಸೇರಿದವನಿಗೆ ಎಷ್ಟೋ ಬಾರಿ ಒಟಿಪಿ ಕೂಡ ಬೇಕಾಗುವುದಿಲ್ಲ. ಲುಮ್ಮಾ ಎಂಬ ಇಂಥದೊಂದು ಕುತಂತ್ರಾಂಶದ ಜಾಲವನ್ನು 2025ರ ಮೇ ತಿಂಗಳಲ್ಲಿ ಒಡೆದಾಗ, ಅದಕ್ಕೆ ಹಿಂದಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಿಗೆ ಅದು ತಗುಲಿತ್ತೆಂದು ಮೈಕ್ರೋಸಾಫ್ಟ್ ಹೇಳಿತು.

ಮೊದಲ ಹೆಜ್ಜೆ: ಇಳಿಸಿಕೊಳ್ಳುವ ಅಗತ್ಯವೇ ಇದೆಯೇ ಎಂದು ನೋಡುವುದು

ಈ ಹೆಜ್ಜೆಯನ್ನು ಬಹಳ ಮಂದಿ ದಾಟಿಬಿಡುತ್ತಾರೆ. ಮೇಷ್ಟ್ರ ವಿಷಯದಲ್ಲಂತೂ ಇಡೀ ಕಥೆ ಇಲ್ಲಿಯೇ ಮುಗಿಯಬಹುದಿತ್ತು. ವಿಂಡೋಸ್‌ನಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಹಳ ಹಿಂದಿನಿಂದಲೂ ಇದೆ. 2019ರ ಮೇ ತಿಂಗಳ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ, ಇಂಗ್ಲಿಷ್ ಅಕ್ಷರಗಳ ಉಚ್ಚಾರದಂತೆ ಒತ್ತಿದರೆ ಕನ್ನಡ ಮೂಡುವ ಫೊನೆಟಿಕ್ ಕೀಲಿಮಣೆಯೂ ಬಂದಿದೆ. ಸೆಟ್ಟಿಂಗ್ಸ್‌ನ ಭಾಷೆಯ ವಿಭಾಗದಲ್ಲಿ ಕನ್ನಡವನ್ನು ಸೇರಿಸಿ, ಅದರ ಆಯ್ಕೆಗಳೊಳಗೆ ಹೋಗಿ ಫೊನೆಟಿಕ್ ಕೀಲಿಮಣೆಯನ್ನು ಆರಿಸಿಕೊಂಡರೆ ಸಾಕು. ಆಮೇಲೆ ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್‌ಬಾರ್ ಒತ್ತಿದಾಗಲೆಲ್ಲ ಭಾಷೆ ಬದಲಾಗುತ್ತದೆ. ಲಿನಕ್ಸ್ ಬಳಸುವವರಿಗೆ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ವ್ಯವಸ್ಥೆಯ ಜೊತೆಗೇ ಸಿಗುತ್ತದೆ.

ಕನ್ನಡದ ಮಟ್ಟಿಗೆ ಇನ್ನೂ ಒಂದು ಬಲೆಯಿದೆ. ಗೂಗಲ್‌ನವರು ವಿಂಡೋಸ್‌ಗಾಗಿ ಕೊಡುತ್ತಿದ್ದ, ಕನ್ನಡ ಟೈಪಿಸುವ ಇನ್‌ಪುಟ್ ಟೂಲ್ಸ್ ತಂತ್ರಾಂಶವನ್ನು ಹಿಂತೆಗೆದುಕೊಂಡು ವರ್ಷಗಳೇ ಕಳೆದಿವೆ. ಆದರೂ ಅದರ ಆಫ್‌ಲೈನ್ ಇನ್‌ಸ್ಟಾಲರ್ ತಮ್ಮಲ್ಲಿದೆಯೆಂದು ಹೇಳುವ ತಾಣಗಳು ಈಗಲೂ ಸಿಗುತ್ತವೆ. ಮೂಲ ತಯಾರಕರೇ ಕೈಬಿಟ್ಟ ತಂತ್ರಾಂಶಕ್ಕೆ ಅಧಿಕೃತ ವಿಳಾಸವೇ ಇರುವುದಿಲ್ಲ. ಆದ್ದರಿಂದ ಅದನ್ನು ಕೊಡುವ ಪ್ರತಿಯೊಬ್ಬರೂ ನಡುವೆ ನಿಂತವರೇ. ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಪುಟವಿನ್ಯಾಸಕ್ಕೆ ಬಳಸುವ ಪೇಜ್‌ಮೇಕರ್ ಕಥೆಯೂ ಇದೇ. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅಡೋಬಿ ಅದನ್ನು ಬಿಟ್ಟುಬಿಟ್ಟಿದ್ದರೂ, ಲಗ್ನಪತ್ರಿಕೆ ಮತ್ತು ಕರಪತ್ರಗಳ ಹಳೆಯ ಕಡತಗಳಿಗಾಗಿ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಅದನ್ನು ಎಲ್ಲೆಲ್ಲಿಂದಲೋ ಇಳಿಸಿಕೊಳ್ಳುತ್ತಾರೆ. ಬಿಡಲಾಗದ ಅನಿವಾರ್ಯವಿದ್ದರೆ ಅದನ್ನು ಇಂಟರ್ನೆಟ್ ಸಂಪರ್ಕವಿಲ್ಲದ, ಬ್ಯಾಂಕಿನ ಕೆಲಸಕ್ಕೆ ಬಳಸದ ಬೇರೆ ಕಂಪ್ಯೂಟರಿನಲ್ಲಿಡುವುದು ಒಳ್ಳೆಯದು. ಎಲ್ಲ ಕಂಪ್ಯೂಟರುಗಳಲ್ಲೂ ಓದಲು ಬರುವ ಯುನಿಕೋಡ್ ಅಕ್ಷರಗಳಿಗೆ ಬರಲು ಸಿದ್ಧರಿರುವವರಿಗೆ ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶವಿದೆ, ಅದರ 1.6ನೇ ಆವೃತ್ತಿ ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ನಿಭಾಯಿಸುತ್ತದೆ.

ಉಳಿದ ಸಣ್ಣಪುಟ್ಟ ಅಗತ್ಯಗಳಲ್ಲೂ ಹೀಗೆಯೇ. ಪಿಡಿಎಫ್ ಮಾಡುವುದಕ್ಕೆ ವಿಂಡೋಸ್ 10ರಿಂದ ಪ್ರಿಂಟ್ ಪಟ್ಟಿಯಲ್ಲಿಯೇ ದಾರಿಯಿದೆ. ಜಿಪ್ ಕಡತಗಳನ್ನು ವಿಂಡೋಸ್ ತಾನೇ ಬಿಚ್ಚುತ್ತದೆ. ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಅಥವಾ ಲ್ಯಾಪ್‌ಟಾಪ್ ತಯಾರಕರ ತಾಣ ಕೊಡುತ್ತದೆ. ಡ್ರೈವರ್ ಹುಡುಕಿಕೊಡುವ ಉಚಿತ ತಂತ್ರಾಂಶ ಯಾರಿಗೂ ಬೇಕಿಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ.

ಎರಡನೆಯ ಹೆಜ್ಜೆ: ತಯಾರಕರ ಮನೆಬಾಗಿಲನ್ನೇ ಹುಡುಕುವುದು

ತಂತ್ರಾಂಶದ ಹೆಸರಿನ ಮುಂದೆ “ಫ್ರೀ ಡೌನ್‌ಲೋಡ್” ಎಂದು ಸೇರಿಸಿ ಹುಡುಕುವ ಅಭ್ಯಾಸವನ್ನು ಮೊದಲು ಬಿಡಬೇಕು, ಏಕೆಂದರೆ ಆ ಎರಡು ಪದಗಳಿಗಾಗಿಯೇ ಬಲೆ ಹೆಣೆದಿರುವ ತಾಣಗಳು ಮೇಲೆ ಬರುತ್ತವೆ. ಹುಡುಕಾಟದ ಫಲಿತಾಂಶಗಳಲ್ಲಿ “ಸ್ಪಾನ್ಸರ್ಡ್” ಅಥವಾ “ಪ್ರಾಯೋಜಿತ” ಎಂಬ ಗುರುತಿರುವವು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳು. ತಂತ್ರಾಂಶ ಇಳಿಸಿಕೊಳ್ಳುವಾಗ ಅವುಗಳನ್ನು ಒತ್ತಲೇಬಾರದು. 2022ರ ಅಕ್ಟೋಬರಿನಲ್ಲಿ ಗಿಂಪ್ ಎಂದು ಹುಡುಕಿದವರಿಗೆ ಗೂಗಲ್‌ನಲ್ಲಿ ಕಂಡ ಜಾಹೀರಾತಿನ ಮೇಲೆ ಗಿಂಪ್ ಡಾಟ್ ಆರ್ಗ್ ಎಂಬ ಅಸಲಿ ವಿಳಾಸವೇ ಇತ್ತು. ಒತ್ತಿದರೆ ಹೋಗುತ್ತಿದ್ದದ್ದು ಗಿಲಿಂಪ್ ಡಾಟ್ ಆರ್ಗ್ ಎಂಬ ನಕಲಿ ತಾಣಕ್ಕೆ, ಅಲ್ಲಿ ಸಿಗುತ್ತಿದ್ದದ್ದು ವಿಡಾರ್ ಎಂಬ ಮಾಹಿತಿಗಳ್ಳ. ಜಾಹೀರಾತಿನಲ್ಲಿ ಕಾಣುವ ವಿಳಾಸವನ್ನೂ ನಂಬುವಂತಿಲ್ಲ. ಪುಟ ತೆರೆದ ಮೇಲೆ ಬ್ರೌಸರಿನ ವಿಳಾಸಪಟ್ಟಿಯಲ್ಲಿರುವುದನ್ನು ಅಕ್ಷರ ಅಕ್ಷರವಾಗಿ ಓದಬೇಕು.

ಅಸಲಿ ವಿಳಾಸ ಗೊತ್ತಿಲ್ಲದಿದ್ದರೆ ಆ ತಂತ್ರಾಂಶದ ವಿಕಿಪೀಡಿಯ ಪುಟದ ಬದಿಯ ಚೌಕದಲ್ಲಿ ಅಧಿಕೃತ ತಾಣದ ಕೊಂಡಿ ಸಿಗುತ್ತದೆ. ಈಗಾಗಲೇ ಆ ತಂತ್ರಾಂಶವಿರುವ ಗೆಳೆಯರ ಕಂಪ್ಯೂಟರಿನಲ್ಲಿ ಹೆಲ್ಪ್ ಮೆನುವಿನ ಅಬೌಟ್ ತೆರೆದರೂ ವಿಳಾಸ ಸಿಗುವುದುಂಟು. ಪದೇ ಪದೇ ಬೇಕಾಗುವ ಕೆಲವನ್ನು ಇಲ್ಲಿಯೇ ಹೇಳುತ್ತೇನೆ. ವಿಡಿಯೋ ನೋಡುವ ವಿಎಲ್‌ಸಿಯ ಮನೆ ವಿಡಿಯೋಲ್ಯಾನ್ ಡಾಟ್ ಆರ್ಗ್, ತಂತ್ರಾಂಶದ ಹೆಸರು ವಿಳಾಸದಲ್ಲಿಲ್ಲದ ಕಾರಣ ಬಹಳ ಮಂದಿ ಇಲ್ಲಿ ದಾರಿ ತಪ್ಪುತ್ತಾರೆ. ಲಿಬ್ರೆಆಫೀಸ್‌ನದು ಲಿಬ್ರೆಆಫೀಸ್ ಡಾಟ್ ಆರ್ಗ್. ಕಡತಗಳನ್ನು ಕುಗ್ಗಿಸಿ ಬಿಚ್ಚುವ, ಇಗೋರ್ ಪಾವ್ಲೋವ್ ಅವರ ಸೆವೆನ್‌ಜಿಪ್‌ನ ತಾಣದ ಹೆಸರಿನಲ್ಲಿ 7 ಎಂಬ ಅಂಕಿಗೂ ಜಿಪ್ ಎಂಬ ಪದಕ್ಕೂ ನಡುವೆ ಒಂದು ಅಡ್ಡಗೆರೆಯಿದೆ, ಕೊನೆಗೆ ಡಾಟ್ ಆರ್ಗ್ ಇದೆ. ಅಡ್ಡಗೆರೆಯಿಲ್ಲದ, ಡಾಟ್ ಕಾಮ್ ಎಂದು ಮುಗಿಯುವ ವಿಳಾಸ ಅವರದಲ್ಲ. ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ಬಳಕೆಯಲ್ಲಿರುವ ನುಡಿಯನ್ನು ಕನ್ನಡ ಗಣಕ ಪರಿಷತ್ತಿನ ತಾಣದಿಂದ, ಬರಹವನ್ನು ಬರಹ ಡಾಟ್ ಕಾಮ್‌ನಿಂದ ಪಡೆಯಬೇಕು.

ಒಮ್ಮೆ ಸರಿಯಾದ ವಿಳಾಸ ಸಿಕ್ಕಿದ ಮೇಲೆ ಅದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಇದಕ್ಕಿಂತ ಸುಲಭದ ದಾರಿಗಳೂ ಇವೆ: ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ತಯಾರಕರ ಹೆಸರು ನೋಡಿ ಅಳವಡಿಸಿಕೊಳ್ಳಬಹುದು, ಆದೇಶ ಟೈಪಿಸುವುದಕ್ಕೆ ಅಂಜದವರು ವಿಂಡೋಸ್‌ನದೇ ಆದ ವಿನ್‌ಗೆಟ್ ಬಳಸಬಹುದು. ನಿನೈಟ್ ಡಾಟ್ ಕಾಮ್ ಎಂಬ ತಾಣ ಬೇಕಾದ ಹತ್ತಾರು ತಂತ್ರಾಂಶಗಳನ್ನು ಟೂಲ್‌ಬಾರ್‌ಗಳಿಲ್ಲದೆ ಒಟ್ಟಿಗೆ ಹಾಕಿಕೊಡುತ್ತದೆ. ಮನೆಯಲ್ಲಿ ಹಲವು ಕಂಪ್ಯೂಟರುಗಳನ್ನು ನೋಡಿಕೊಳ್ಳುವವರಿಗೆ ಇದು ತುಂಬ ಉಪಕಾರಿ.

ಮೂರನೆಯ ಹೆಜ್ಜೆ: ಪುಟದಲ್ಲಿ ಸರಿಯಾದ ಗುಂಡಿಯನ್ನು ಗುರುತಿಸುವುದು

ಜಾಹೀರಾತುಗಳಿಂದ ತುಂಬಿದ ತಾಣಗಳಲ್ಲಿ ದೊಡ್ಡದಾಗಿ, ಹಸಿರಾಗಿ ಕಾಣುವ ಡೌನ್‌ಲೋಡ್ ಗುಂಡಿಗಳಲ್ಲಿ ಹೆಚ್ಚಿನವು ಜಾಹೀರಾತುಗಳೇ. ನಿಜವಾದ ಕೊಂಡಿ ಬಹುಮಟ್ಟಿಗೆ ಸಣ್ಣ ನೀಲಿ ಅಕ್ಷರಗಳಲ್ಲಿ ಎಲ್ಲೋ ಬದಿಯಲ್ಲಿರುತ್ತದೆ. ಒತ್ತುವ ಮೊದಲು ಮೌಸ್ ಬಾಣವನ್ನು ಗುಂಡಿಯ ಮೇಲಿಟ್ಟು ನಿಲ್ಲಿಸಿ. ಬ್ರೌಸರಿನ ಕೆಳಗಿನ ಎಡಮೂಲೆಯಲ್ಲಿ ಅದು ಕರೆದೊಯ್ಯುವ ವಿಳಾಸ ಮೂಡುತ್ತದೆ. ಆ ವಿಳಾಸ ನೀವಿರುವ ತಾಣದ್ದಲ್ಲವಾದರೆ ಒತ್ತಬೇಡಿ.

ಕೆಲವು ಲಕ್ಷಣಗಳು ಕಂಡರೆ ಮತ್ತೆ ಯೋಚಿಸುವುದಕ್ಕೂ ನಿಲ್ಲದೆ ಆ ಪುಟವನ್ನು ಮುಚ್ಚಬೇಕು. ಇಳಿಸಿಕೊಂಡ ಜಿಪ್ ಕಡತಕ್ಕೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಪುಟದಲ್ಲಿಯೇ ಬರೆದಿದ್ದರೆ, ಅದು ನಿಮ್ಮ ಆಂಟಿವೈರಸ್ ಒಳಗೆ ಇಣುಕದಿರಲೆಂದು ಹಾಕಿದ ಬೀಗ. ಅಳವಡಿಸುವ ಮೊದಲು ಆಂಟಿವೈರಸ್ ನಿಲ್ಲಿಸಿ ಎಂಬ ಸೂಚನೆಯಿದ್ದರೆ ಅದಕ್ಕೆ ಬೇರೆ ಅರ್ಥ ಹುಡುಕಬೇಕಿಲ್ಲ. ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಮೋಸ ಹಬ್ಬಿದೆ: ನೀವು ಮನುಷ್ಯರೇ ಎಂದು ಖಚಿತಪಡಿಸಿಕೊಳ್ಳುವ ನೆಪದಲ್ಲಿ ವಿಂಡೋಸ್ ಮತ್ತು ಆರ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಹೊಡೆಯಿರಿ ಎನ್ನುತ್ತದೆ ಪುಟ. ಹಾಗೆ ಮಾಡಿದರೆ ಆ ಪುಟ ಗುಟ್ಟಾಗಿ ನಕಲು ಮಾಡಿಟ್ಟಿದ್ದ ಆದೇಶವೊಂದನ್ನು ನೀವೇ ನಿಮ್ಮ ಕೈಯಾರೆ ಚಾಲೂ ಮಾಡಿದಂತಾಗುತ್ತದೆ. ಯಾವ ಪ್ರಾಮಾಣಿಕ ಜಾಲತಾಣವೂ ಹೀಗೆ ಕೇಳುವುದಿಲ್ಲ.

ನಾಲ್ಕನೆಯ ಹೆಜ್ಜೆ: ತೆರೆಯುವ ಮೊದಲು ಕಡತವನ್ನು ಪರೀಕ್ಷಿಸುವುದು

ಇಳಿದ ಕಡತವನ್ನು ತಕ್ಷಣ ಡಬಲ್ ಕ್ಲಿಕ್ ಮಾಡದೆ ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ ನೋಡಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಕಡತದ ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಶನ್, ಕಾಣಿಸುವಂತೆ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಪಿಡಿಎಫ್ ಎಂದು ಕಾಣುವ ಕಡತದ ಕೊನೆಯಲ್ಲಿ, ಅದು ಚಾಲೂ ಆಗುವ ತಂತ್ರಾಂಶವೆಂದು ತಿಳಿಸುವ ಇಎಕ್ಸ್‌ಇ ಅಡಗಿರುವುದು ಗೊತ್ತಾಗುವುದೇ ಇಲ್ಲ.

ಗಾತ್ರವೂ ಬಹಳಷ್ಟನ್ನು ಹೇಳುತ್ತದೆ. ನೂರಾರು ಎಂಬಿ ಇರಬೇಕಾದ ಲಿಬ್ರೆಆಫೀಸ್ ಒಂದೆರಡು ಎಂಬಿಯಲ್ಲಿ ಬಂದಿದ್ದರೆ, ಅದು ಲಿಬ್ರೆಆಫೀಸ್ ಆಗಿರದೆ ಇನ್ನೇನನ್ನೋ ಇಳಿಸುವ ಮಧ್ಯವರ್ತಿಯ ಇನ್‌ಸ್ಟಾಲರ್ ಆಗಿರುತ್ತದೆ. ಉಲ್ಟಾ ಉಪಾಯವೂ ಇದೆ: ಮೇಲೆ ಹೇಳಿದ ನಕಲಿ ಗಿಂಪ್ ಪ್ರಕರಣದಲ್ಲಿ ಸುಮಾರು 5 ಎಂಬಿಯ ಕುತಂತ್ರಾಂಶಕ್ಕೆ ಜೊಳ್ಳು ತುಂಬಿ 700 ಎಂಬಿಯವರೆಗೆ ಉಬ್ಬಿಸಿದ್ದರು. ಕಡತಗಳನ್ನು ಹತ್ತಾರು ಆಂಟಿವೈರಸ್‌ಗಳಿಂದ ಪರೀಕ್ಷಿಸಿಕೊಡುವ ವೈರಸ್‌ಟೋಟಲ್ ತಾಣ 650 ಎಂಬಿಗಿಂತ ದೊಡ್ಡ ಕಡತಗಳನ್ನು ಸ್ವೀಕರಿಸುವುದಿಲ್ಲವೆಂಬುದನ್ನು ನೆನೆದರೆ ಈ ಉಬ್ಬರದ ಕಾರಣ ತಿಳಿಯುತ್ತದೆ.

ಮುಂದೆ ಡಿಜಿಟಲ್ ಸಹಿ. ಕಡತದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋದರೆ, ಸಹಿಯಿರುವ ಕಡತಕ್ಕೆ ಡಿಜಿಟಲ್ ಸಿಗ್ನೇಚರ್ಸ್ ಎಂಬ ಹಾಳೆಯೊಂದು ಇರುತ್ತದೆ. ಅಲ್ಲಿ ತಯಾರಕರ ಹೆಸರಿರಬೇಕು. ವಿಎಲ್‌ಸಿಯ ಕಡತದಲ್ಲಿ ವಿಡಿಯೋಲ್ಯಾನ್ ಹೆಸರಿರುವ ಜಾಗದಲ್ಲಿ ಯಾವುದೋ ಗುರುತಿಲ್ಲದ ಕಂಪನಿಯ ಹೆಸರಿದ್ದರೆ ಅದನ್ನು ಅಲ್ಲಿಯೇ ಅಳಿಸಿ. ಆದರೆ ಸಹಿಯಿಲ್ಲದ್ದೆಲ್ಲ ಕೆಟ್ಟದ್ದಲ್ಲ, ಸೆವೆನ್‌ಜಿಪ್‌ನಂಥ ಒಳ್ಳೆಯ ತಂತ್ರಾಂಶವೂ ಸಹಿಯಿಲ್ಲದೆ ಬರುತ್ತಿತ್ತು. ಸಹಿಯಿದ್ದದ್ದೆಲ್ಲ ಒಳ್ಳೆಯದೂ ಅಲ್ಲ. 2017ರಲ್ಲಿ ಕಂಪ್ಯೂಟರಿನ ಬೇಡದ ಕಡತಗಳನ್ನು ಅಳಿಸುವ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಗೆ ದಾಳಿಕೋರರು ನುಸುಳಿದ್ದಾಗ, ಅಧಿಕೃತ ತಾಣದಿಂದಲೇ, ಅಸಲಿ ಸಹಿಯೊಂದಿಗೇ ಅದು ಸುಮಾರು 22.7 ಲಕ್ಷ ಕಂಪ್ಯೂಟರುಗಳನ್ನು ತಲುಪಿತ್ತು. ಅಂಥದ್ದು ಅಪರೂಪ, ಅದನ್ನು ನಮ್ಮ ಎಚ್ಚರದಿಂದ ತಡೆಯುವುದೂ ಕಷ್ಟ. ಹಾಗೆಂದು ಸಹಿ ನೋಡುವುದನ್ನು ಬಿಡಬೇಕಿಲ್ಲ.

ತಯಾರಕರ ಪುಟದಲ್ಲಿ ಎಸ್‌ಎಚ್‌ಎ-256 ಎಂಬ ಹೆಸರಿನ ಮುಂದೆ 64 ಅಕ್ಷರಗಳ ಉದ್ದನೆಯ ಸಾಲೊಂದನ್ನು ಕೊಟ್ಟಿದ್ದರೆ, ಅದು ಆ ಕಡತದ ಬೆರಳಚ್ಚು. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ಸೆವೆನ್‌ಜಿಪ್ ಇರುವ ಕಂಪ್ಯೂಟರಿನಲ್ಲಿ ಕಡತದ ಮೇಲೆ ಬಲಗುಂಡಿ ಒತ್ತಿದರೆ ಸಿಆರ್‌ಸಿ ಎಸ್‌ಎಚ್‌ಎ ಎಂಬ ಆಯ್ಕೆಯಿರುತ್ತದೆ, ಅದರಲ್ಲಿ ಈ ಬೆರಳಚ್ಚನ್ನು ತೆಗೆದು ತಾಣದಲ್ಲಿರುವುದರೊಂದಿಗೆ ಹೋಲಿಸಬಹುದು. ಮೊದಲ ಎಂಟು ಮತ್ತು ಕೊನೆಯ ಎಂಟು ಅಕ್ಷರಗಳನ್ನಷ್ಟೇ ನೋಡಿ ಬಿಡುವವರಿದ್ದಾರೆ. ಪೂರ್ತಿ ಹೋಲಿಸುವುದು ಲೇಸು.

ಇನ್ನೂ ಅನುಮಾನವಿದ್ದರೆ ಗೂಗಲ್ ಒಡೆತನದ ವೈರಸ್‌ಟೋಟಲ್ ತಾಣಕ್ಕೆ ಆ ಇನ್‌ಸ್ಟಾಲರನ್ನು ಏರಿಸಬಹುದು. ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೆ ಅದನ್ನು ನೋಡುತ್ತವೆ. ಒಂದೆರಡು ಮಾತ್ರ ಕೆಂಪು ತೋರಿಸಿದರೆ ತಪ್ಪು ಎಚ್ಚರಿಕೆಯಿರಬಹುದು, ಹತ್ತು ಹದಿನೈದು ತೋರಿಸಿದರೆ ಚರ್ಚೆ ಬೇಡ. ನಿನ್ನೆ ಹುಟ್ಟಿದ ಕುತಂತ್ರಾಂಶಕ್ಕೆ ಇಂದು ಎಲ್ಲವೂ ಹಸಿರು ತೋರಿಸುವುದೂ ಸಾಧ್ಯವಾದ್ದರಿಂದ, ಹಸಿರನ್ನು ಖಾತರಿಯೆಂದು ತಿಳಿಯಬೇಡಿ. ಅಲ್ಲಿಗೆ ಏರಿಸಿದ ಕಡತಗಳನ್ನು ಭದ್ರತಾ ಕಂಪನಿಗಳು ತೆರೆದು ನೋಡಬಹುದು. ಆದ್ದರಿಂದ ಆಧಾರ್ ಪ್ರತಿ, ಅಂಕಪಟ್ಟಿ, ಬ್ಯಾಂಕಿನ ಪತ್ರಗಳನ್ನು ಅಲ್ಲಿಗೆ ಎಂದೂ ಕಳಿಸಬಾರದು.

ಐದನೆಯ ಹೆಜ್ಜೆ: ಇನ್‌ಸ್ಟಾಲರ್ ಕೇಳುವುದನ್ನು ಓದುವುದು

ಮೇಷ್ಟ್ರು ಇಳಿಸಿಕೊಂಡಿದ್ದ ಕಡತವನ್ನು ನಾನು ಪ್ರತ್ಯೇಕವಾಗಿಟ್ಟಿರುವ ಹಳೆಯ ಕಂಪ್ಯೂಟರೊಂದರಲ್ಲಿ ಅವರ ಮುಂದೆಯೇ ತೆರೆದು ತೋರಿಸಿದೆ. ಮೊದಲು ವಿಂಡೋಸ್ ನೀಲಿ ಪಟ್ಟಿಯೊಂದನ್ನು ತೋರಿಸಿ ತಡೆಯಿತು. ಮುಂದೆ ಹೋಗಬೇಕಾದರೆ ಮೋರ್ ಇನ್ಫೋ ಒತ್ತಿ, ಆಮೇಲೆ ರನ್ ಎನಿವೇ ಒತ್ತಬೇಕು. ಮೇಷ್ಟ್ರು ಆ ದಿನ ಎರಡನ್ನೂ ಒತ್ತಿದ್ದರು, ಏಕೆಂದರೆ ಆ ಜಾಲತಾಣದಲ್ಲಿ ಹಾಗೆಯೇ ಮಾಡಬೇಕೆಂದು ಚಿತ್ರಸಹಿತ ಬರೆದಿತ್ತಂತೆ. ಬಳಿಕ ಅನುಮತಿ ಕೇಳುವ ಹಳದಿ ಪಟ್ಟಿಯಲ್ಲಿ ಪಬ್ಲಿಷರ್ ಎಂಬುದರ ಮುಂದೆ ಅನ್‌ನೋನ್ ಎಂದಿತ್ತು.

ಒಳಗೆ ಹೋದಾಗ ಮೊದಲ ಪರದೆಯಲ್ಲಿ ಎರಡು ಆಯ್ಕೆಗಳಿದ್ದವು. “ಎಕ್ಸ್‌ಪ್ರೆಸ್, ಶಿಫಾರಸು ಮಾಡಲಾಗಿದೆ” ಎಂಬುದು ಆಗಲೇ ಆಯ್ಕೆಯಾಗಿತ್ತು. “ಕಸ್ಟಮ್, ಪರಿಣತರಿಗೆ ಮಾತ್ರ” ಎಂಬುದು ತೆಳು ಬೂದು ಬಣ್ಣದಲ್ಲಿತ್ತು. ಕಸ್ಟಮ್ ಒತ್ತಿದಾಗಷ್ಟೇ ಅದರ ಕೆಳಗೆ ಆಗಲೇ ಗುರುತು ಹಾಕಿದ್ದ ಮೂರು ಚೌಕಗಳು ಕಾಣಿಸಿಕೊಂಡವು: ಹುಡುಕುಪುಟ ಬದಲಿಸಲು ಒಪ್ಪಿಗೆ, ಟೂಲ್‌ಬಾರ್‌ಗೆ ಒಪ್ಪಿಗೆ, ಕಂಪ್ಯೂಟರ್ ಚುರುಕುಗೊಳಿಸುವುದಕ್ಕೆ ಒಪ್ಪಿಗೆ. ಮೂರನ್ನೂ ತೆಗೆದು ಮುಂದೆ ಹೋದರೆ ಇನ್ನೊಂದು ಪರದೆ ಬಂತು. ಅದು ಪರವಾನಗಿ ಒಪ್ಪಂದದಂತೆಯೇ ಕಾಣುತ್ತಿತ್ತು, ಕೆಳಗೆ ಅಕ್ಸೆಪ್ಟ್ ಗುಂಡಿ ಗಾಢ ನೀಲಿಯಲ್ಲಿಯೂ, ಡಿಕ್ಲೈನ್ ಗುಂಡಿ ಒತ್ತಿದರೂ ಕೆಲಸ ಮಾಡದೇನೋ ಎನ್ನಿಸುವ ಮಸುಕಿನಲ್ಲಿಯೂ ಇದ್ದವು. ಓದಿದರೆ ಅದು ನಾವು ಹಾಕುತ್ತಿದ್ದ ತಂತ್ರಾಂಶದ ಒಪ್ಪಂದವಾಗಿರದೆ, ಡ್ರೈವರ್ ಅಪ್‌ಡೇಟ್ ಮಾಡುವ ಬೇರೊಂದರದ್ದು. ಡಿಕ್ಲೈನ್ ಒತ್ತಿದೆವು, ಅದು ಚೆನ್ನಾಗಿಯೇ ಕೆಲಸ ಮಾಡಿತು. ನಾಲ್ಕನೆಯ ಆ ಗುರುತಿಲ್ಲದ ಹೆಸರಿಗೆ ಮಾತ್ರ ಯಾವ ಪರದೆಯೂ ಬರಲಿಲ್ಲ, ಯಾವ ಒಪ್ಪಿಗೆಯನ್ನೂ ಕೇಳದೆ ಅದು ಒಳಗೆ ಸೇರಿಕೊಂಡಿತ್ತು.

ಇದರಿಂದ ಕಲಿಯಬೇಕಾದದ್ದು ಎರಡು. ಅಧಿಕೃತ ಇನ್‌ಸ್ಟಾಲರ್ ಆದರೂ ಎಲ್ಲ ಪರದೆಗಳನ್ನೂ ಓದಿ, ಕಸ್ಟಮ್ ಅಥವಾ ಅಡ್ವಾನ್ಸ್ಡ್ ಆಯ್ಕೆಯನ್ನೇ ಹಿಡಿದು, ಬೇಡದ ಚೌಕಗಳ ಗುರುತು ತೆಗೆಯಬೇಕು. ಫೈಲ್‌ಜಿಲ್ಲಾದಂಥ ಹೆಸರಾಂತ ತಂತ್ರಾಂಶದ ಇನ್‌ಸ್ಟಾಲರ್‌ನಲ್ಲಿಯೂ ಇಂಥ ಜೊತೆಕೊಡುಗೆಗಳು ಇದ್ದದ್ದುಂಟು. ಎರಡನೆಯದಾಗಿ, ಅನಧಿಕೃತ ತಾಣದ ಇನ್‌ಸ್ಟಾಲರ್‌ನಲ್ಲಿ ಚೌಕಗಳನ್ನೆಲ್ಲ ತೆಗೆದ ಮಾತ್ರಕ್ಕೆ ಪಾರಾದೆವೆಂದು ತಿಳಿಯುವಂತಿಲ್ಲ. ಅಲ್ಲಿ ಜೊತೆಕೊಡುಗೆಯ ಪರದೆಯೊಂದು ಕಂಡರೂ ಸಾಕು, ಪೂರ್ತಿ ರದ್ದು ಮಾಡಿ, ಕಡತವನ್ನು ಅಳಿಸಿ, ಎರಡನೆಯ ಹೆಜ್ಜೆಗೆ ಮರಳುವುದು ಒಳಿತು.

ಒಮ್ಮೆ ಮಾಡಿಟ್ಟರೆ ಸದಾ ಕಾಯುವ ವ್ಯವಸ್ಥೆ

ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು ಆ್ಯಪ್ ಮತ್ತು ಬ್ರೌಸರ್ ನಿಯಂತ್ರಣದ ವಿಭಾಗದಲ್ಲಿ ರೆಪ್ಯುಟೇಶನ್ ಆಧಾರಿತ ರಕ್ಷಣೆಗೆ ಹೋಗಿ. ಅಲ್ಲಿ ಅನಪೇಕ್ಷಿತ ಆ್ಯಪ್‌ಗಳನ್ನು ತಡೆಯುವ ಆಯ್ಕೆಯಿದೆ. ಆ್ಯಪ್‌ಗಳನ್ನೂ ಡೌನ್‌ಲೋಡ್‌ಗಳನ್ನೂ ತಡೆಯುವ ಎರಡೂ ಗುರುತುಗಳು ಇರಲಿ. ಟೂಲ್‌ಬಾರ್ ಬಗೆಯ ಜೊತೆಗಂಟುಗಳನ್ನು ಸಾಮಾನ್ಯ ವೈರಸ್ ಪರೀಕ್ಷೆ ಬಿಟ್ಟುಬಿಟ್ಟರೂ ಇದು ಹಿಡಿಯುತ್ತದೆ. ದಿನನಿತ್ಯದ ಕೆಲಸಕ್ಕೆ, ಅದರಲ್ಲೂ ಮಕ್ಕಳು ಬಳಸುವ ಕಂಪ್ಯೂಟರಿನಲ್ಲಿ, ಅಡ್ಮಿನಿಸ್ಟ್ರೇಟರ್ ಅಧಿಕಾರವಿಲ್ಲದ ಸ್ಟ್ಯಾಂಡರ್ಡ್ ಖಾತೆಯನ್ನು ಮಾಡಿಕೊಡಿ. ಹಾಗಾದರೆ ಇಡೀ ವ್ಯವಸ್ಥೆಯನ್ನು ಮುಟ್ಟುವ ಯಾವುದನ್ನಾದರೂ ಅಳವಡಿಸಬೇಕೆಂದಾಗ ದೊಡ್ಡವರ ಪಾಸ್‌ವರ್ಡ್ ಬೇಕಾಗುತ್ತದೆ, ಆ ಒಂದು ನಿಲುಗಡೆಯೇ ಎಷ್ಟೋ ಅನಾಹುತವನ್ನು ತಪ್ಪಿಸುತ್ತದೆ.

ಕ್ರ್ಯಾಕ್ ಮತ್ತು ಆ್ಯಕ್ಟಿವೇಟರ್ ಕುರಿತು

ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಕ್ರ್ಯಾಕ್ ಮಾಡಿ, ಅಂದರೆ ಪರವಾನಗಿಯ ತಡೆಯನ್ನು ಮುರಿದು, ಹಾಕುವವರಿಗೆ ಮೇಲಿನ ಯಾವ ಹೆಜ್ಜೆಯೂ ನೆರವಾಗುವುದಿಲ್ಲ, ಏಕೆಂದರೆ ಅಲ್ಲಿ ಅಧಿಕೃತ ತಾಣವಿಲ್ಲ, ಸಹಿಯಿಲ್ಲ, ಆಂಟಿವೈರಸ್ ನಿಲ್ಲಿಸುವುದೇ ಮೊದಲ ಸೂಚನೆ. ಮನೆಬಳಕೆಯ ಕಂಪ್ಯೂಟರುಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಸ್ಟಾಪ್ ಅಥವಾ ಡಿಜೆವಿಯು ಎಂಬ ಕುತಂತ್ರಾಂಶ ಮುಖ್ಯವಾಗಿ ಹರಡಿದ್ದೇ ಕ್ರ್ಯಾಕ್ ಮತ್ತು ಆ್ಯಕ್ಟಿವೇಟರ್‌ಗಳ ಮೂಲಕ. ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರಿನಲ್ಲಿ ಅದರ 148 ರೂಪಾಂತರಗಳಿಗೆ ಬೀಗ ಬಿಚ್ಚುವ ಉಚಿತ ಬಿಡುಗಡೆ ಸಾಧನವನ್ನು ಕೊಟ್ಟಿತು. ಆಮೇಲೆ ಬಂದ ಹೊಸ ರೂಪಾಂತರಗಳಿಗೆ ಬಹುಮಟ್ಟಿಗೆ ಬಿಡುಗಡೆಯಿಲ್ಲ. ಮದುವೆ ಫೋಟೋ ತೆಗೆಯುವವರು, ಡಿಟಿಪಿಯವರು ಗಿರಾಕಿಗಳ ಕಡತಗಳನ್ನು ಇಟ್ಟುಕೊಂಡಿರುವ ಕಂಪ್ಯೂಟರಿನಲ್ಲಿಯೇ ಇಂಥದ್ದನ್ನು ಹಾಕುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಗಿಂಪ್, ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಇವುಗಳಲ್ಲಿ ಕೆಲಸ ಸಾಗುವಷ್ಟನ್ನು ಒಂದೆರಡು ವಾರದಲ್ಲಿ ಕಲಿಯಬಹುದು.

ಮೊಬೈಲ್ ಫೋನಿನ ಮಾತೂ ಒಂದಿಷ್ಟು. ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ಎಪಿಕೆ ಕಡತ (ಫೋನಿಗೆ ಆ್ಯಪ್ ಅಳವಡಿಸುವಂಥದ್ದು) ಬಂದರೆ, ಪರಿಚಿತರ ನಂಬರಿನಿಂದ ಬಂದಿದ್ದರೂ ತೆರೆಯಬೇಡಿ. ಕರೆಯೋಲೆಗೆ ಆ್ಯಪ್ ಬೇಕಾಗುವುದಿಲ್ಲ. ಗೊತ್ತಿಲ್ಲದ ಮೂಲಗಳಿಂದ ಅಳವಡಿಸುವ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಆ್ಯಪ್‌ಗಳಿಗೂ ಮುಚ್ಚಿಡಿ.

ಈಗಾಗಲೇ ಒಳಗೆ ಬಂದಿದ್ದರೆ

ಮೊದಲು ವೈಫೈ ನಿಲ್ಲಿಸಿ, ಕೇಬಲ್ ಇದ್ದರೆ ಕೀಳಿ. ಅಳವಡಿಸಿದ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಆ ದಿನ ಬಂದ ಅಪರಿಚಿತರನ್ನೆಲ್ಲ ತೆಗೆಯಿರಿ. ಬ್ರೌಸರಿನ ಎಕ್ಸ್‌ಟೆನ್ಶನ್‌ಗಳ ಪುಟದಲ್ಲೂ ಹಾಗೆಯೇ ಮಾಡಿ, ಹುಡುಕುಪುಟವನ್ನು ಸರಿಪಡಿಸಿ. ನಂತರ ವಿಂಡೋಸ್ ಸೆಕ್ಯುರಿಟಿಯ ಪರೀಕ್ಷಾ ಆಯ್ಕೆಗಳಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ಮರುಚಾಲನೆಯಾಗಿ, ವಿಂಡೋಸ್ ಏಳುವ ಮೊದಲೇ ಸುಮಾರು 15 ನಿಮಿಷ ಪರೀಕ್ಷೆ ನಡೆಯುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಉಚಿತ ಶುಚಿಗೊಳಿಸುವ ಸಾಧನಗಳು ಸಿಗುತ್ತವೆ.

ಪಾಸ್‌ವರ್ಡ್‌ಗಳನ್ನು ಬದಲಿಸುವುದು ಬೇರೊಂದು ಶುದ್ಧವಾದ ಸಾಧನದಿಂದಲೇ ಆಗಬೇಕು. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಬದಲಿಸಿದ ಮೇಲೆ ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡುವ ಆಯ್ಕೆಯನ್ನು ತಪ್ಪದೆ ಒತ್ತಿ, ಕದ್ದುಹೋದ ಕುಕೀ ಆಗ ನಿರುಪಯುಕ್ತವಾಗುತ್ತದೆ. ಖಾತೆಯಿಂದ ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸುವುದರ ಜೊತೆಗೇ, ಒಂದು ಗಂಟೆಯನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬೀಗ ಬಿದ್ದ ಕಡತಗಳಿದ್ದರೆ ಅವನ್ನು ಅಳಿಸದೆ ಬೇರೆ ಡಿಸ್ಕಿನಲ್ಲಿ ತೆಗೆದಿಡಿ, ಮುಂದೊಂದು ದಿನ ಬಿಡುಗಡೆ ಸಾಧನ ಬರಬಹುದು.

ಮಾಹಿತಿಗಳ್ಳನ ಅನುಮಾನವಿದ್ದಲ್ಲಿ ವಿಂಡೋಸನ್ನು ಹೊಸದಾಗಿ ಹಾಕುವುದೇ ನನ್ನ ಸಲಹೆ, ಮೇಷ್ಟ್ರ ಲ್ಯಾಪ್‌ಟಾಪಿಗೂ ಹಾಗೆಯೇ ಮಾಡಿದೆವು. ಪಾಠಟಿಪ್ಪಣಿಗಳನ್ನೂ ಫೋಟೋಗಳನ್ನೂ ಮಾತ್ರ ನಕಲಿಸಿಕೊಂಡು, ಡೌನ್‌ಲೋಡ್ಸ್ ಫೋಲ್ಡರಿನ ಒಂದು ಇನ್‌ಸ್ಟಾಲರನ್ನೂ ಉಳಿಸಿಕೊಳ್ಳಲಿಲ್ಲ. ಕೊನೆಗೆ ನಾನು, ಈ ಕಡತವನ್ನು ಪೆನ್‌ಡ್ರೈವಿನಲ್ಲಿ ಯಾರಿಗಾದರೂ ಕೊಟ್ಟಿದ್ದಿರಾ ಎಂದು ಕೇಳಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಕೈಗೆತ್ತಿಕೊಂಡರು. ಅಂದು ರಾತ್ರಿ ಅವರು ನಾಲ್ವರು ಸಹೋದ್ಯೋಗಿಗಳಿಗೆ ಕರೆ ಮಾಡಿದರು; ಮೂವರು ಆಗಲೇ ಅದನ್ನು ಅಳವಡಿಸಿಕೊಂಡಿದ್ದರು, ಒಬ್ಬರು ಶಾಲೆಯ ಕಚೇರಿಯ ಕಂಪ್ಯೂಟರಿನಲ್ಲಿ.